ಬಾಗಿಲಲ್ಲಿ ಭಾವನ ಕೆಮ್ಮು

ಅಕ್ಕಾ,

ಎರಡು ದೇಶಗಳಲ್ಲಿ ಸಿನಿಮಾ ನಿರ್ಮಿಸುತ್ತ ತಲೆ ನರೆತರೂ ಇಂಥ ಡಬ್ಬಿಂಗ್ ಕಂಡಿರಲಿಲ್ಲ. ಭಾವ ತೀರಿಕೊಳ್ಳುವ ಮುಂಚೆ ನಟಿಸಿದ ನಮ್ಮ ಚಿತ್ರಕ್ಕೆ ಇಲ್ಲಿಯ ಭಾಷೆ ಕೂರಿಸುತ್ತಿದ್ದೇವೆ. ಇಲ್ಲಿಯವರು ಮಾತಷ್ಟೇ ಅಲ್ಲ, ನಿಟ್ಟುಸಿರನ್ನೂ ಹೊಸದಾಗಿ ಮಾಡುತ್ತಾರೆ. ಬಾಗಿಲು ತಟ್ಟುವಾಗ ಭಾವ ಕೆಮ್ಮಿದ್ದನ್ನು ಇವರ ನಟ ಥೇಟ್ ಹಾಗೇ ಕೆಮ್ಮಿದ. ನನಗೆ ತಡೆಯಲಾಗಲಿಲ್ಲ.

"ಹಳೇದೇ ಇರ್ಲಿ," ಎಂದೆ.

"ಸ್ಕ್ರಿಪ್ಟಲ್ಲೇ ಇಲ್ವಲ್ಲ, ಯಾಕೆ ಕೆಮ್ತಾರೆ?" ಎಂದರು ಸೌಂಡ್ ಎಂಜಿನಿಯರಮ್ಮ.

"ಮನೆಗೆ ಬಂದಾಗೆಲ್ಲ ಹಾಗೇ ಮಾಡೋರು. ಕೆಮ್ಮಿದ್ರೆ ನಮ್ಮಕ್ಕ ಬಾಗಿಲು ತೆಗೀತಿದ್ಲು."

ಸೆಟ್ಟಿನಲ್ಲಿ ಯಾರು ಸೀನಿದರೂ ಇನ್ನೊಂದು ಟೇಕ್ ಕೇಳುವ ನಾನು, ಶೂಟಿಂಗಿನಲ್ಲಿ ಭಾವ ಹೀಗೆ ಕೆಮ್ಮಿದಾಗ ಮಾತ್ರ ಅದೇ ಟೇಕ್ ಇಟ್ಟುಕೊಂಡಿದ್ದೆ. ಆಕೆಯೂ ಭಾವನ ಕೆಮ್ಮನ್ನೇ ಉಳಿಸಿದರು.

ನನ್ನ ಮಂಡಿನೋವು ಇಳಿದಿದೆ. ನೀನು ಬಿಪಿ ಮಾತ್ರೆ ತಪ್ಪಿಸಬೇಡ. ಈ ಚಿತ್ರ ನೋಡಲಾರೆ ಎಂದಿದ್ದೀಯ, ಬಲವಂತವಿಲ್ಲ. ಆದರೆ ಇವತ್ತು ದೀಪ ಆರಿಸಿ ದೊಡ್ಡ ಪರದೆಗೆ ಹಾಕಿದಾಗ ಆ ಕೆಮ್ಮು ಕೇಳಿಸಿತು ನೋಡು, ನೀನು ಅಡುಗೆಮನೆಯಿಂದ ಕೂಗುತ್ತಿದ್ದ ಹಾಗೆಯೇ ನಾನು "ಬಂದೆ, ಬಂದೆ" ಎಂದುಬಿಟ್ಟೆ. ಕುರ್ಚಿಯಿಂದ ಎದ್ದೂ ಬಿಟ್ಟಿದ್ದೆ.

ಕಾರ್ಡಿನಲ್ಲಿ ಜಾಗ ಮುಗಿಯಿತು.

ನಿನ್ನ ತಂಗಿ