ಜೆಲ್ಲಿ ಮೀನಿನ ಎಳೆಗಳು

ಸ್ಟುಡಿಯೋದ ಒಳಕೋಣೆ,
ಗುರುವಾರ, ಬೆಳಿಗ್ಗೆ

ಪ್ರೀತಿಯ ಕುಳ್ಳಾ,

ಹೇಗಿದ್ದೀಯೋ? ಚಿಕ್ಕಮ್ಮನ ಮಂಡಿನೋವು ಇಳಿಯಿತಾ? ಚಿಕ್ಕಪ್ಪ ಈಗಲೂ ಕನ್ನಡಕ ಹಣೆಗೇರಿಸಿಕೊಂಡೇ ಮನೆಯೆಲ್ಲ ಕನ್ನಡಕ ಹುಡುಕುತ್ತಾರಾ? ಬೆನ್ನುನೋವು ಅಂತ ಹೇಳಿ ಹೋದವನು ನೀನು. ಅಲ್ಲಿ ಕಾಲು ಚಾಚಿ ಮಲಗುತ್ತೀಯೋ, ಇಲ್ಲಾ ಅಲ್ಲೂ ಕುರ್ಚಿಗೆ ಅಂಟಿಕೊಂಡಿದ್ದೀಯೋ? ನಾನು ಗಟ್ಟಿಯಾಗಿದ್ದೇನೆ. ಕಣ್ಣು ಸ್ವಲ್ಪ ಉರಿ, ಅಷ್ಟೇ. ಫೋನಿನಲ್ಲಾದರೆ ನೀನು ಮಾತು ಹಾರಿಸುತ್ತೀಯ, ಅದಕ್ಕೇ ಈ ಕಾಗದ.

ಇಲ್ಲಿಯ ಸುದ್ದಿ ಚೆನ್ನಾಗಿಲ್ಲ. ಮಕ್ಕಳ ಚಿತ್ರಕ್ಕೆ ನೀನು ಮಾಡಿಟ್ಟುಹೋದ ಜೆಲ್ಲಿ ಮೀನನ್ನು ನಿರ್ದೇಶಕರು ಮತ್ತೆ ಮತ್ತೆ ಹಾಕಿಸಿ ನೋಡಿದರು. ಕೊಡೆಯಂಥ ಮೈ ಕೆಳಗೆ ಜೋತಾಡುವ ಎಳೆಗಳನ್ನು ಕಂಡು, "ನೋಡಮ್ಮಾ, ಇವಕ್ಕೆ ಜೀವ ಇದೆ. ಉಳಿದ ದೃಶ್ಯಗಳೂ ಹೀಗೇ ಬರಲಿ" ಅಂದರು. ನಾನು ಎದೆಯುಬ್ಬಿಸಿ ಒಪ್ಪಿಕೊಂಡೆ. ಹೊಲಿಗೆ ಯಂತ್ರ ಬಿಟ್ಟು ಬಂದು, ನಿನ್ನ ಕುರ್ಚಿಯ ಹಿಂದೆ ನಿಂತು ನೋಡಿ ನೋಡಿಯೇ ಕಲಿತವಳಲ್ಲವಾ, ಜಂಬ ಸ್ವಲ್ಪ ಜಾಸ್ತಿ. ನಿನ್ನ ಹಾಗೇ ಮೊದಲು ಕಂಪ್ಯೂಟರಿಗೆ ಜೋಡಿಸಿದ ಪೆನ್ನಿನಲ್ಲಿ ದಾರಿಯ ಗೆರೆ ಎಳೆದೆ. ಆ ಗೆರೆಯುದ್ದಕ್ಕೂ ಹರಿಯುವಂತೆ ಕಂಪ್ಯೂಟರಿನಲ್ಲಿ ಸಣ್ಣ ಸಣ್ಣ ಕಣಗಳನ್ನು ಬಿಟ್ಟೆ. ಕಣ ಓಡಿದ ಜಾಡೇ ಎಳೆ ಆಗುತ್ತದಲ್ಲ, ಆಯಿತು. ನೀರಿನ ಸೆಳೆತ ಹೆಚ್ಚಿಸಿದೆ, ಇಳಿಸಿದೆ, ಸುಳಿ ಸೇರಿಸಿದೆ. ಏನು ಮಾಡಿದರೂ ಎಳೆಗಳು ಸತ್ತ ಹಾವಿನ ಹಾಗೆ. ನಿರ್ದೇಶಕರು ನೋಡಿ, "ಇದೇನಮ್ಮಾ, ಮೀನೋ, ನೆಲ ಒರೆಸೋ ಮಾಪೋ?" ಅಂದರು. ಎಲ್ಲರೂ ನಕ್ಕರು, ನಾನೂ ನಕ್ಕೆ. ನಗು ನಿಂತ ಮೇಲೆ ಅವರು ಹೇಳಿದ್ದು ಇಷ್ಟು: ಸೋಮವಾರ ನಿರ್ಮಾಪಕರು ಬರುತ್ತಾರೆ, ತಮ್ಮನನ್ನು ಕರೆಸಿ, ಅವರೆದುರಿಗೇ ಗೆರೆ ಎಳೆದು ತೋರಿಸಲಿ, ಇಲ್ಲದಿದ್ದರೆ ಕೆಲಸ ಬೇರೆಯವರಿಗೆ. ನಾನು ಹೂಂ ಅಂದು ಬಂದೆ.

ಬಂದವಳು, ನಿನ್ನ ಕೈಚಳಕ ಏನಿರಬಹುದು ಅಂತ ನಿನ್ನ ಆ ಗೆರೆಯನ್ನೇ ತೆರೆದು ಹಿಗ್ಗಿಸಿ ನೋಡಿದೆ. ಗೆರೆ ನಯವಾಗಿಲ್ಲವೋ. ಉದ್ದಕ್ಕೂ ಸಣ್ಣ ಸಣ್ಣ ಅಲೆ, ಒಂದೇ ತಾಳದಲ್ಲಿ. ಕಣಗಳು ಆ ಅಲೆ ಹತ್ತಿ ಇಳಿದು ಹೋಗುವುದಕ್ಕೇ ಎಳೆಗೆ ಉಸಿರು ಬಂದಿದೆ. ಕಳ್ಳ, ಎಂಥ ಉಪಾಯ ಅಂದುಕೊಂಡು ನಾನೂ ಕೈ ಕುಣಿಸಿ ಎಳೆದೆ. ಬರಲಿಲ್ಲ. ಬೇಕೆಂದು ಕುಣಿಸಿದ್ದು ಬೇಕೆಂದು ಕುಣಿಸಿದ ಹಾಗೇ ಕಾಣುತ್ತದೆ. ಇದನ್ನು ನೀನು ಯಾವಾಗ ಕಲಿತೆ ಅಂತ ಹಳೆಯ ಕೆಲಸಗಳನ್ನು ಒಂದೊಂದೇ ತೆರೆದೆ. ಹೋದ ವರ್ಷದ ಬಳ್ಳಿಯ ಗೆರೆ ಬೆಣ್ಣೆಯಂತೆ ನಯ. ಆಮೇಲಿನ ಹೊಗೆಯ ಗೆರೆಯಲ್ಲಿ ಚೂರು ಅಲೆ. ಕುದುರೆಯ ಬಾಲದಲ್ಲಿ ಇನ್ನಷ್ಟು. ಜೆಲ್ಲಿ ಮೀನಿನಲ್ಲಿ ಎಲ್ಲಕ್ಕಿಂತ ಹೆಚ್ಚು. ಅಲ್ಲಿಗೆ ಕಂಪ್ಯೂಟರ್ ಆರಿಸಿ ಈ ಕಾಗದ ಬರೆಯಲು ಕೂತೆ.

ಚಿಕ್ಕಮ್ಮ, ಚಿಕ್ಕಪ್ಪನಿಗೆ ನನ್ನ ನಮಸ್ಕಾರ ಹೇಳು. ನಿನಗೆ ನೂರು ವರ್ಷ ಆಯಸ್ಸಿರಲಿ, ಸಾಲದಿದ್ದರೆ ನನ್ನದರಲ್ಲೂ ಒಂದಿಷ್ಟು ತಗೋ.

ನಿನ್ನ ಅಕ್ಕ

ಇನ್ನೊಂದು ಮಾತು: ಸೋಮವಾರ ಬರಬೇಡ. ಬೆನ್ನು ಅಂದೆ, ಕೈ ಅನ್ನಲಿಲ್ಲ. ಲೋಟ ಅರ್ಧವೇ ತುಂಬು ಅಕ್ಕಾ ಅಂತಿದ್ದೆ, ಅಂಗಿಗೆ ಗುಂಡಿ ಹಾಕಿಕೊಡು ಅಂತಿದ್ದೆ. ಸೋಮಾರಿ ಅಂತ ಬೈದೆನಲ್ಲೋ ನಾನು. ನಾಲ್ಕು ಜನರೆದುರು ನಿನ್ನ ಕೈನಡುಕವನ್ನು ಕಲೆ ಅಂತ ತೋರಿಸಿ ಕೆಲಸ ಉಳಿಸಿಕೊಳ್ಳುವವಳಲ್ಲ ನಿನ್ನ ಅಕ್ಕ. ಇವತ್ತೇ ನಿರ್ದೇಶಕರಿಗೆ ಹೇಳುತ್ತೇನೆ, ನಮ್ಮಿಂದ ಆಗೋದಿಲ್ಲ ಅಂತ. ಯಾಕೆ ಅಂತ ಹೇಳೋದಿಲ್ಲ, ಹೆದರಬೇಡ. ನೀನು ಈ ಕಾಗದ ಸಿಕ್ಕ ಕೂಡಲೇ ಚಿಕ್ಕಪ್ಪನನ್ನು ಜೊತೆಗೆ ಕರೆದುಕೊಂಡು ನರದ ಡಾಕ್ಟರ ಹತ್ತಿರ ಹೋಗು. ಅವರು ಏನಂದರು, ಬೇಗ ಬರಿ. ಹೋದ ಸಲದ ಹಾಗೆ ಚಿಕ್ಕಮ್ಮನ ಕೈಲಿ ಬರೆಸಬೇಡ, ನೀನೇ ಬರಿ. ಅಕ್ಷರ ಹೇಗೆ ಬಂದರೂ ನಾನು ಓದಿಕೊಳ್ಳುತ್ತೇನೆ.