ಮಡೆ ಮುಚ್ಚಿದ ಮೈದಾನ

ಮಾನ್ಯ ಕುಲಸಚಿವರೇ,

‘ನಿಂತ ನೀರಿಗೇ ಆಕಾಶ ಹತ್ತಿರ’ ಎಂದೋ, ‘ಆಕಾಶಕ್ಕೆ ನಿಂತ ನೀರೇ ಹತ್ತಿರ’ ಎಂದೋ ಒಂದು ಸಾಲನ್ನು ಹಿಂದೆ ಓದಿದ್ದೆ. ಯಾರು ಬರೆದದ್ದು, ಎಲ್ಲಿ ಓದಿದ್ದು, ನೆನಪಿಲ್ಲ. ಎಂ.ಎ. ಓದುವಾಗ ಆ ಸಾಲು ನನಗೆ ತುಂಬ ಇಷ್ಟವಾಗಿತ್ತು. ಈಗ ಅದರ ಮೇಲೆ ಅನುಮಾನ ಬರುತ್ತಿದೆ. ಬರೆದವರು ನಿಂತ ನೀರನ್ನು ಕಿಟಕಿಯಿಂದ ನೋಡಿರಬೇಕು. ಅದರ ಪಕ್ಕದಲ್ಲಿ ಮೂಗು ಮುಚ್ಚಿಕೊಂಡು ಓಡಾಡಿದವರಲ್ಲ. ಚನ್ನಗಿರಿಯ ಹೊರಗಿರುವ ತಮ್ಮ ಸ್ನಾತಕೋತ್ತರ ಕೇಂದ್ರದ ಫುಟ್‌ಬಾಲ್ ಕ್ರೀಡಾಂಗಣದಲ್ಲಿ ಮುಂಗಾರು ಶುರುವಾದಾಗಿನಿಂದ ನೀರು ನಿಂತಿದೆ. ಅದಕ್ಕೆ ಆಕಾಶವೇನೂ ಹತ್ತಿರವಾಗಿಲ್ಲ. ಸೊಳ್ಳೆ ಹತ್ತಿರವಾಗಿದೆ. ಆಮೇಲೆ ತಮ್ಮ ಸುತ್ತೋಲೆ ಹತ್ತಿರವಾಯಿತು.

ಆ ಸುತ್ತೋಲೆಯ ಮೇಲೆಯೇ ನನ್ನ ತಕರಾರು. “ಸದರಿ ಮೈದಾನವು ತಗ್ಗು ಪ್ರದೇಶದಲ್ಲಿದ್ದು, ಆರಂಭದಿಂದಲೂ ಕ್ರೀಡೆಗೆ ಯೋಗ್ಯವಾಗಿರದ ಕಾರಣ ಮುಚ್ಚಲಾಗಿದೆ, ಮಹಿಳಾ ಫುಟ್‌ಬಾಲ್ ತಂಡವನ್ನು ವಿಸರ್ಜಿಸಲಾಗಿದೆ” ಎಂದು ತಾವು ಸಹಿ ಮಾಡಿದ್ದೀರಿ. ಗಣಪತಿಯನ್ನು ವಿಸರ್ಜಿಸುವಾಗಲೂ ಜನ ಒಂದು ಮೆರವಣಿಗೆ ಮಾಡುತ್ತಾರೆ. ಈ ಹುಡುಗಿಯರಿಗೆ ನೋಟಿಸ್ ಬೋರ್ಡಿನ ಒಂದು ಗುಂಡುಪಿನ್ನು ಸಾಕಾಯಿತು.

ಅವರಲ್ಲಿ ಒಬ್ಬಳು ನ್ಯಾಮತಿಯಲ್ಲಿ ನನ್ನ ಪಕ್ಕದ ಮನೆಯವಳು, ಮಾಲಾ. ತಂದೆ ಲಾರಿಗೆ ಮೆಕ್ಕೆಜೋಳದ ಚೀಲ ತುಂಬುವ ಹಮಾಲಿ. ತಾಯಿ ಮನೆಯಲ್ಲೇ ರೊಟ್ಟಿ ಬಡಿದು ಖಾನಾವಳಿಗೆ ಕೊಡುತ್ತಾಳೆ. ಹುಡುಗಿ ಎಂ.ಎಸ್ಸಿ. ಕೊನೆಯ ವರ್ಷದಲ್ಲಿದ್ದಾಳೆ. ಕ್ರೀಡಾ ಕೋಟಾದಲ್ಲಿ ಅವಳಿಗೆ ಹಾಸ್ಟೆಲಿನಲ್ಲಿ ಜಾಗ ಸಿಕ್ಕಿತ್ತು. ತಂಡ ಹೋಯಿತು, ಆದ್ದರಿಂದ ಕೋಟಾ ಹೋಯಿತು, ಆದ್ದರಿಂದ ಟ್ರಂಕು ಹೊರಗೆ ಬಂತು. ಈಗ ಅವಳು ನ್ಯಾಮತಿಯಿಂದ ಹೊನ್ನಾಳಿಗೆ, ಹೊನ್ನಾಳಿಯಿಂದ ಚನ್ನಗಿರಿಗೆ, ಅಲ್ಲಿಂದ ಕೇಂದ್ರಕ್ಕೆ ಹೋಗಬೇಕು. ಮೊದಲ ಬಸ್ಸು ಹಿಡಿದರೂ ಪ್ರಯೋಗಾಲಯದ ಬಾಗಿಲು ಹಾಕಿದ ಮೇಲೆಯೇ ತಲುಪುವುದು. ಹಾಜರಿ ಸಾಲದಿದ್ದರೆ ಪರೀಕ್ಷೆಗೆ ಕೂರಿಸುವುದಿಲ್ಲ ಎಂಬ ನಿಯಮವೂ ತಮ್ಮದೇ. ಮೈದಾನದಲ್ಲಿ ನೀರು ನಿಂತರೆ ರಸಾಯನಶಾಸ್ತ್ರದಲ್ಲಿ ಫೇಲಾಗುವುದು ಹೇಗೆ ಎಂದು ಯಾರಾದರೂ ಕೇಳಿದರೆ, ಹೀಗೆ.

ಇದೆಲ್ಲಕ್ಕೂ ಬುನಾದಿಯಾಗಿರುವುದು ‘ಆರಂಭದಿಂದಲೂ’ ಎಂಬ ಒಂದು ಮಾತು. ಆರಂಭದಲ್ಲಿ ತಾವು ಇರಲಿಲ್ಲ. ನಾನಿದ್ದೆ.

ಅದು ಕಳೆದ ಶತಮಾನದ ಕೊನೆ. ಕೇಂದ್ರವೆಂದರೆ ಹೆಂಚು ಹೊದಿಸಿದ ಎರಡು ಸಾಲು ಕೊಠಡಿ, ಸೂಳೆಕೆರೆ ಕಾಲುವೆಯ ಕೆಳಗೆ ಇಳಿಜಾರಾದ ಒಂದಿಷ್ಟು ನೆಲ. ದೈಹಿಕ ಶಿಕ್ಷಣ ಬೋಧಕರಾಗಿದ್ದವರು ಜಗಳೂರು ಕಡೆಯ ಕೊಟ್ರಬಸಪ್ಪನವರು. ಕ್ರಿಕೆಟ್ ಎಂದರೆ ಬ್ಯಾಟಿಗೊಂದು ಅರ್ಜಿ, ಪ್ಯಾಡಿಗೊಂದು ಅರ್ಜಿ. ಫುಟ್‌ಬಾಲಿಗಾದರೆ ಒಂದು ಚೆಂಡು, ಒಂದು ಪಂಪು ಸಾಕು ಎಂಬುದು ಅವರ ಕ್ರೀಡಾನೀತಿ. ನೆಲ ಮಟ್ಟ ಮಾಡಿಸಲು ಯಂತ್ರ ತರಿಸುವ ಶಕ್ತಿ ಕೇಂದ್ರಕ್ಕೆ ಇರಲಿಲ್ಲ. ಕೆರೆಬಿಳಚಿಯ ರೈತರು, ಚಿಕ್ಕಹನುಮಂತಪ್ಪ ಎಂಬುವರನ್ನು ಮುಂದೆ ಮಾಡಿಕೊಂಡು, ಎತ್ತು ಹೊಡೆದುಕೊಂಡು ಬಂದರು.

“ಹೆಂಗೆ ಮಟ್ಟ ಮಾಡ್ಬೇಕು ಸಾರ್?”

“ನಿಮ್ಮ ಜಮೀನು ಹೆಂಗೆ ಮಾಡ್ಕೊಂತೀರೋ ಹಂಗೇ ಮಾಡ್ರಿ. ಅದಕ್ಕಿಂತ ಹೆಚ್ಗೇನೂ ಬ್ಯಾಡ” ಎಂದು ಹೇಳಿ ಕೊಟ್ರಬಸಪ್ಪನವರು ಬೇಸಿಗೆ ರಜೆಗೆ ಊರಿಗೆ ಹೋದರು. ಒಣ ಸೀಮೆಯ ಮನುಷ್ಯ. ಕಾಲುವೆಯ ಕೆಳಗಿನವರು ಜಮೀನನ್ನು ಹೇಗೆ ಮಟ್ಟ ಮಾಡುತ್ತಾರೆ ಎಂದು ಅವರೇಕೆ ಯೋಚಿಸಿಯಾರು?

ರಜೆ ಮುಗಿಸಿ ಬಂದಾಗ ನಾಲ್ಕೂ ಕಡೆ ಎದೆಮಟ್ಟದ ಬದು ಎದ್ದಿತ್ತು. ನಡುವೆ ಕಾಲುವೆಯಿಂದ ಹಾಯಿಸಿದ ನೀರು. ಆ ನೀರಿನಲ್ಲೇ ಹಲಗೆ ಎಳೆದು ಕೆಸರನ್ನು ಕನ್ನಡಿ ಮಾಡಿದ್ದರು. ಎಲ್ಲಿಯೂ ಒಂದು ಬೆರಳು ಏರಿಲ್ಲ, ಒಂದು ಬೆರಳು ತಗ್ಗಿಲ್ಲ. ಅಪ್ಪಟ ಭತ್ತದ ಗದ್ದೆ.

“ಇದೇನ್ರೀ ಯಜಮಾನ್ರೇ, ಬಾಲ್ ಆಡಾಕೋ, ನಾಟಿ ಹಾಕಾಕೋ?”

“ಸಸಿ ಬಿಟ್ಟಿರಾದೂ ಐತೆ ಸಾರ್,” ಎಂದರು ಚಿಕ್ಕಹನುಮಂತಪ್ಪ, ಮುಖದಲ್ಲಿ ನಗೆಯೇ ಇಲ್ಲದೆ. “ಬೇಕಂದ್ರೆ ತರ್ತೀವಿ.”

ಕೊಟ್ರಬಸಪ್ಪನವರು ಬದುವಿನ ಮೇಲೆ ಕುಕ್ಕರಿಸಿದರು. ಆಮೇಲೆ ನಗತೊಡಗಿದರು. “ನಮ್ ಜಗಳೂರಾಗೆ ಇಷ್ಟು ನೀರು ನಿಂತ್ರೆ ಕಾಯಿ ಒಡೀತಾರೆ ಕಣ್ರೀ. ಇರ್ಲಿ ಬಿಡ್ರಿ.”

ತಮ್ಮ ಕ್ರೀಡಾಂಗಣ ಹುಟ್ಟಿದ್ದು ಹೀಗೆ. ಅದು ತಪ್ಪಿನಿಂದ ಹುಟ್ಟಿದ್ದು ಎಂದು ಒಪ್ಪುತ್ತೇನೆ. ಆದರೆ ಆ ತಪ್ಪನ್ನು ಯಾರೂ ಶಾಸನವಾಗಿ ಕಲ್ಲಿನಲ್ಲಿ ಕೆತ್ತಿಸಿಕೊಂಡು ಕೂರಲಿಲ್ಲ. ಅದರೊಂದಿಗೆ ಬಾಳುವುದನ್ನು ಕಲಿತರು. ಬದುವನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದು ಹುಲ್ಲು ನೆಟ್ಟರು, ಅದೇ ಗ್ಯಾಲರಿಯಾಯಿತು. ಗದ್ದೆಗೆ ಇರುವಂತೆ ಇದಕ್ಕೂ ತಗ್ಗಿನ ಮೂಲೆಯಲ್ಲಿ ಒಂದು ಮಡೆ ಇತ್ತು. ಬದುವಿನಲ್ಲಿ ನೀರು ಹೊರಹೋಗಲು ಬಿಡುವ ಕಂಡಿ, ಅಷ್ಟೆ. ಮಣ್ಣು ಹಾಕಿದರೆ ಮುಚ್ಚಿತು, ಗುದ್ದಲಿ ಹಾಕಿದರೆ ತೆರೆಯಿತು. ಬೇಸಿಗೆಯಲ್ಲಿ ಮಡೆ ಮುಚ್ಚಿ ಕಾಲುವೆ ನೀರು ಹಾಯಿಸಿದರೆ ಹುಲ್ಲು ಹಸಿರಾಗಿ ಇರುತ್ತಿತ್ತು. ಮಳೆಗಾಲದಲ್ಲಿ ಪಂದ್ಯಕ್ಕೆ ಮುಂಚೆ ಮಡೆ ಕಡಿಯಬೇಕಿತ್ತು. ಕಡಿಯುವವರು ಯಾರು? ಟಾಸ್ ಸೋತವರು! ಬೇರೆ ಊರುಗಳಲ್ಲಿ ಟಾಸ್ ಗೆದ್ದವರು ಯಾವ ಕಡೆಯಿಂದ ಆಡುವುದೆಂದು ಆರಿಸಿಕೊಳ್ಳುತ್ತಾರೆ. ನಮ್ಮಲ್ಲಿ ಟಾಸ್ ಸೋತವರ ಕ್ಯಾಪ್ಟನ್ ಗುದ್ದಲಿ ಹಿಡಿಯುತ್ತಿದ್ದ. ಹೊಳೆ ದಡದ ಹೊನ್ನಾಳಿಯ ಹುಡುಗರು ಸೋತಾಗ ಬದುವಿನ ಮೇಲಿಂದ ಕೂಗು ಏಳುತ್ತಿತ್ತು: “ಏ, ಸಾವಕಾಶ ಕಡಿಯೋ, ಹೊಳೆ ಅಂದ್ಕಂಡೀಯಾ!” ಜನ ಮಂಡಕ್ಕಿ ಮೆಣಸಿನಕಾಯಿ ತಿಂದು ಕೈ ಒರೆಸಿಕೊಳ್ಳುವಷ್ಟರಲ್ಲಿ ನೀರು ಇಳಿದು, ಸೀಟಿ ಊದುತ್ತಿದ್ದರು.

ಇದನ್ನು ನಾನು ಕೇಳಿ ಬರೆಯುತ್ತಿಲ್ಲ. ಮೊದಲ ಮಹಿಳಾ ತಂಡ ಕಟ್ಟಿದಾಗ ಚನ್ನಗಿರಿ, ಹೊನ್ನಾಳಿ, ಜಗಳೂರು ಎಲ್ಲ ಕಡೆಯ ಹುಡುಗಿಯರನ್ನು ಸೇರಿಸಿದರೂ ಒಬ್ಬಳು ಕಡಿಮೆ ಬಿದ್ದಳು. ಬದುವಿನ ಮೇಲೆ ಕವನ ಸಂಕಲನ ಹಿಡಿದು ಕೂತಿದ್ದ ನನ್ನನ್ನು ಎಳೆದು ಗೋಲಿನಲ್ಲಿ ನಿಲ್ಲಿಸಿದರು. ಕ್ಯಾಪ್ಟನ್ ಓಬವ್ವ, ಜಗಳೂರಿನವಳು. ಒಮ್ಮೆ ಮಡೆ ಮುಚ್ಚಿದ್ದಾಗ ಪಂದ್ಯದ ನಡುವೆಯೇ ಮಳೆ ಹೊಡೆಯಿತು. ಚೆಂಡು ಉರುಳುವುದನ್ನು ಬಿಟ್ಟು ತೇಲತೊಡಗಿತು. ಎದುರಾಳಿಯೊಬ್ಬಳು ಒದ್ದದ್ದು ಅರ್ಧ ದಾರಿಯಲ್ಲಿ ನಿಂತು, ಆಮೇಲೆ ಗಾಳಿಗೆ ಸಿಕ್ಕಿ ಮೆಲ್ಲಗೆ, ಬಹಳ ಚೆಂದವಾಗಿ ನನ್ನ ಕಡೆ ಬಂತು.

“ಲೇ ಪದ್ಯ! ಬಾಲ್ ಬರ್ತೈತೆ, ಹಿಡಿಯೇ! ಅದೇನು ದೋಣಿನಾ, ನೋಡ್ಕೊಂತ ನಿಂತ್ಕಣಾಕೆ?” ಎಂದು ಓಬವ್ವ ಕಿರುಚಿದಳು. ಅಷ್ಟರಲ್ಲಿ ಚೆಂಡು ನನ್ನ ಪಕ್ಕದಲ್ಲೇ ಹಾದು ಒಳಗೆ ಹೋಗಿತ್ತು. ನಕ್ಕರೆ ನಗಿ. ಆದರೆ ಮುಂದಿನದನ್ನು ದಯವಿಟ್ಟು ಗಮನಿಸಿ. ಅರ್ಧವಿರಾಮದಲ್ಲಿ ಮಡೆ ಕಡಿದರು. ಉಳಿದರ್ಧವನ್ನು ನೀರಿಲ್ಲದ ನೆಲದ ಮೇಲೆ ಆಡಿ ಓಬವ್ವ ಎರಡು ಗೋಲು ಹೊಡೆದಳು. ಯೋಗ್ಯವಲ್ಲದ ಮೈದಾನದಲ್ಲಿ ನಾವು ಗೆದ್ದೆವು. ಆಮೇಲೂ ಎಷ್ಟೋ ವರ್ಷ ಹುಡುಗರು, ಹುಡುಗಿಯರು ಅಲ್ಲೇ ಗೆದ್ದರು, ಅಲ್ಲೇ ಸೋತರು.

ಹಾಗಾದರೆ ಮೈದಾನ ಯೋಗ್ಯತೆ ಕಳೆದುಕೊಂಡದ್ದು ಯಾವಾಗ? ಪರಿಶೀಲನಾ ಸಮಿತಿ ಬರುತ್ತದೆಂದು ತಾವು ಅದನ್ನು ಯೋಗ್ಯಗೊಳಿಸಿದಾಗ. ಮಣ್ಣಿನ ಬದು ಕಣ್ಣಿಗೆ ಚೆನ್ನಾಗಿ ಕಾಣದೆಂದು ನಾಲ್ಕೂ ಕಡೆ ಕಾಂಕ್ರೀಟ್ ಹಾಕಿಸಿದಿರಿ. ಗಣ್ಯರಿಗೆ ಚಾವಣಿ, ಹೆಬ್ಬಾಗಿಲಿಗೆ ಹೊಳೆಯುವ ಅಕ್ಷರ. ಗೋಡೆಯ ಬಳಿ ನಿಂತಿದ್ದ ಹಳೆಯ ವಿದ್ಯಾರ್ಥಿಗಳು “ಮಡೆ ಎಲ್ಲಿ ಸಾರ್?” ಎಂದು ಕೇಳಿದಾಗ ತಮ್ಮ ಎಂಜಿನಿಯರ್ ನಕ್ಷೆ ಬಿಡಿಸಿ, “ಡ್ರಾಯಿಂಗ್‌ನಲ್ಲಿ ಅಂಥದ್ದೇನೂ ಇಲ್ಲ” ಎಂದರು. ನಿಜ, ಅದು ಡ್ರಾಯಿಂಗಿನಲ್ಲಿ ಇರಲಿಲ್ಲ. ನೆಲದಲ್ಲಿತ್ತು. ಮೊದಲ ಮಳೆಗೆ ತಮ್ಮ ಕ್ರೀಡಾಂಗಣ ಸೂಳೆಕೆರೆಯ ಮರಿಯಾಯಿತು. ಸಮಿತಿಗೆ ಕೊಟ್ಟ ವರದಿಯಲ್ಲಿ ಅದರ ಫೋಟೊ ‘ಮಳೆನೀರು ಸಂಗ್ರಹ’ ಎಂಬ ತಲೆಬರಹದಡಿ ಅಚ್ಚಾಗಿದ್ದನ್ನು ಕಂಡೆ. ಅದೇ ನೀರು ಸಮಿತಿಗೆ ಸಾಧನೆ, ಹುಡುಗಿಯರಿಗೆ ಅಡಚಣೆ. ಒಂದೇ ಕಚೇರಿಯ ಎರಡು ಮೇಜಿನ ನಡುವೆ ನೀರು ಇಷ್ಟು ರೂಪ ತಾಳಬಲ್ಲದೆಂದು ಯಾವ ಕವಿಗೂ ಹೊಳೆದಿರಲಾರದು.

ಮಾಲಾಳನ್ನು ಕರೆದುಕೊಂಡು ನಾನು ತಮ್ಮ ಕಚೇರಿಗೆ ಬಂದಿದ್ದೆ. ತಾವು ಸಭೆಯಲ್ಲಿದ್ದಿರಿ. ಮತ್ತೊಮ್ಮೆ ಬಂದೆವು, ಸಭೆ ಇನ್ನೂ ಮುಗಿದಿರಲಿಲ್ಲವೋ, ಬೇರೆ ಸಭೆಯೋ ತಿಳಿಯಲಿಲ್ಲ. ಗುಮಾಸ್ತರು ಸಜ್ಜನರು, ಹುಡುಗಿಗೆ ಕುರ್ಚಿ ಕೊಟ್ಟರು. “ಪರೀಕ್ಷೆ ಮುಗಿಯೋವರೆಗಾದ್ರೂ ರೂಮು ಬಿಡಿಸಬೇಡಿ” ಎಂದು ಕೇಳಿಕೊಂಡೆ.

“ಮೇಡಂ, ತಂಡನೇ ಇಲ್ಲ ಅಂದ್ಮ್ಯಾಲೆ ಈಕೆ ಆಟಗಾರ್ತಿ ಹೆಂಗಾಗ್ತಾಳ್ರೀ?”

“ತಂಡ ಯಾಕಿಲ್ಲ ಸಾರ್?” ಎಂದಳು ಮಾಲಾ.

“ಗ್ರೌಂಡ್ ಇಲ್ಲಲ್ಲಮ್ಮ.”

“ಗ್ರೌಂಡ್ ಐತಲ್ಲ ಸಾರ್, ನೀರಿನ ಕೆಳಗೆ.”

ಅವರು ಕಿಟಕಿಯ ಕಡೆ ನೋಡಿದರು. ನಾನೂ ನೋಡಿದೆ. ವಾಪಸು ಬರುವಾಗ ಹುಡುಗಿ ಬಸ್ಸಿನಲ್ಲಿ ಹಾಜರಿಯ ಲೆಕ್ಕವನ್ನು ಮನಸ್ಸಿನಲ್ಲೇ ಮಾಡುತ್ತಿದ್ದಳೆಂದು ಅವಳ ಬೆರಳುಗಳಿಂದ ಗೊತ್ತಾಗುತ್ತಿತ್ತು. ನಾನು ಹಿರಿಯಳು, ಓದಿದವಳು, ಏನಾದರೂ ಹೇಳಬೇಕಿತ್ತು. ಅಷ್ಟೊಂದು ಪದ್ಯ ಓದಿದ್ದೇನೆ, ಹೊನ್ನಾಳಿ ಸೇತುವೆ ದಾಟುವವರೆಗೂ ಒಂದು ಸಾಲು ಸಿಗಲಿಲ್ಲ.

ಆದ್ದರಿಂದ ತಮ್ಮನ್ನು ಕೇಳುತ್ತಿದ್ದೇನೆ. ಆ ತಗ್ಗಿನ ಮೂಲೆಯಲ್ಲಿ, ಕಾಂಕ್ರೀಟಿನಲ್ಲಿ ಒಂದು ಮೊಳದಷ್ಟು ಒಡೆಸಿ. ಉಳಿದದ್ದನ್ನು ನೀರೇ ಮಾಡಿಕೊಳ್ಳುತ್ತದೆ. ಅದಕ್ಕೆ ಟೆಂಡರು ಬೇಡ. ಅದು ತಮ್ಮ ಅಧಿಕಾರಕ್ಕೆ ಮೀರಿದ್ದಾದರೆ, ಮಾಲಾಳಿಗೆ ಪರೀಕ್ಷೆ ಮುಗಿಯುವವರೆಗೆ ಅವಳ ಮಂಚ ವಾಪಸು ಕೊಡಿ. ಅದೂ ಮೀರಿದ್ದಾದರೆ, ಹುಡುಗಿಗೆ ಇದರಿಂದ ಕಾಸಿನ ಪ್ರಯೋಜನವಿಲ್ಲವೆಂದು ಗೊತ್ತಿದ್ದೂ ಕೇಳುತ್ತೇನೆ, ಸುತ್ತೋಲೆಯಿಂದ ‘ಆರಂಭದಿಂದಲೂ’ ಎಂಬ ಒಂದು ಪದವನ್ನಾದರೂ ಹೊಡೆದುಹಾಕಿ. ಮುಚ್ಚುವುದಾದರೆ ಮುಚ್ಚಿ. ಇರಲೇ ಇಲ್ಲ ಎನ್ನಬೇಡಿ.

ಇಂತಿ,
ತಮ್ಮ ಕಚೇರಿಯ ಬೆಂಚನ್ನು ತಮಗಿಂತ ಚೆನ್ನಾಗಿ ಬಲ್ಲ
ತಮ್ಮದೇ ವಿಶ್ವವಿದ್ಯಾಲಯದ ಹಳೆಯ ವಿದ್ಯಾರ್ಥಿನಿ,
ನ್ಯಾಮತಿ

ಮತ್ತೆ ಸೇರಿಸಿದ್ದು: ಈ ಬಹಿರಂಗ ಪತ್ರವನ್ನು ಪತ್ರಿಕೆಗೆ ಕಳಿಸುವ ಮುಂಚೆ ಹುಡುಗಿಯ ತಾಯಿಗೆ ಓದಿ ಹೇಳಿದೆ. ಒಳಗೆ ಬಾ ಎಂದರೂ ಬರದೆ, ಹಿಟ್ಟಿನ ಕೈಯನ್ನು ಮೈಗೆ ತಾಗದಂತೆ ಹಿಡಿದು, ಬಾಗಿಲಲ್ಲೇ ನಿಂತು ಕೇಳಿದಳು. ಚೆಂಡು ತೇಲಿದ ಕಡೆ ನಕ್ಕಳು. ಕೊನೆಗೆ, “ಎಲ್ಲಾ ಸರಿ ಐತೆ ಅಕ್ಕ. ಆದ್ರೆ ಅವಳ ಹೆಸರು ತೆಗೀರಿ. ಇನ್ನಾ ಪರೀಕ್ಷೆ ಐತೆ, ಪೇಪರ್ ತಿದ್ದಾರು ಅವರೇ” ಎಂದಳು. ಹೆಸರೇ ಇಲ್ಲದಿದ್ದರೆ ಅಂಥ ಹುಡುಗಿಯೇ ಇಲ್ಲ ಎಂದುಬಿಡುತ್ತಾರಲ್ಲ ಎಂದೆ. ಅವಳು ಒಣಗಿದ ಹಿಟ್ಟನ್ನು ಬೆರಳಿಂದ ಉದುರಿಸಿದಳು.

“ಹಂಗಾದ್ರೆ ಅವಳ ಹೆಸರಿನ ಜಾಗದಾಗೆ ನನ್ ಹೆಸರು ಹಾಕ್ರಿ, ಮಾಲಾ ಅಂತ. ನನ್ನ ಫೇಲ್ ಮಾಡಾಕೆ ಅವರ ಹತ್ರ ಯಾವ ಪರೀಕ್ಷೆ ಐತೆ?”