ಅಪ್ಪನ ಪಿತ್ತ ಅಳೆದದ್ದು

ಮನೆಯಿಂದ,
ಜೂನ್ ಹನ್ನೊಂದು, ಭಾನುವಾರ ಬೆಳಿಗ್ಗೆ

ಪ್ರೀತಿಯ ಅಮ್ಮಾ,

ನಿನ್ನ ಮಂಡಿ ಹೇಗಿದೆ? ಊತ ಇಳಿಯಿತೇ, ಅಥವಾ ಚಿಕ್ಕಮ್ಮನ ಮನೆಯ ಮೆಟ್ಟಿಲು ಹತ್ತಿ ಇಳಿದು ಇನ್ನಷ್ಟು ಮಾಡಿಕೊಂಡಿದ್ದೀಯಾ? ಚಿಕ್ಕಮ್ಮ ನಿನ್ನನ್ನು ಮುದ್ದು ಮಾಡಿ ಕೆಡಿಸುತ್ತಿದ್ದಾಳೆಂದು ಗೊತ್ತು, ಕೆಡಿಸಲಿ. ಇಲ್ಲಿ ನಾವಿಬ್ಬರೂ ಕ್ಷೇಮ. ಅಪ್ಪ ಅಡುಗೆ ಕಲಿಯುತ್ತಿದ್ದಾರೆ, ನಾನು ಅದನ್ನು ತಿನ್ನುವುದು ಕಲಿಯುತ್ತಿದ್ದೇನೆ. ಅವರು ಅಷ್ಟು ಮುತುವರ್ಜಿಯಿಂದ ಬಣ್ಣ ಬಳಿದ ಗೇಟಿಗೆ ನೀನು ಸ್ಕೂಟರ್ ಕಲಿಯುವಾಗ ಗುದ್ದಿದೆಯಲ್ಲ, ಅದು ಇನ್ನೂ ಹಾಗೇ ಇದೆ. ದಿನಾ ಬೆಳಿಗ್ಗೆ ಆ ನೆಗ್ಗಿದ ಜಾಗವನ್ನು ಸವರುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, ನಿನ್ನ ಸುದ್ದಿ ಕೇಳಲು ಬಾಯಿ ತೆರೆದು, ಹಾಲು ಬಂತಾ ಎಂದು ಕೇಳುತ್ತಾರೆ.

ಗೇಟಿಗೆ ಗುದ್ದಿದ ಅವತ್ತು ಅಪ್ಪ ಬೀದಿಗೆಲ್ಲ ಕೇಳುವಂತೆ ನಿನಗೆ ಬೈದು, ಎಂದಿನಂತೆ ‘ನಾನಲ್ಲ ಕಣೇ, ನನ್ನ ಪಿತ್ತ’ ಎಂದರು. ನೀನು ಚೀಲ ತುಂಬಿಕೊಂಡು ‘ಪಿತ್ತ ಇಳಿದ ಮೇಲೆ ಹೇಳಿ ಕಳಿಸಿ, ಬರ್ತೀನಿ’ ಎಂದು ಹೊರಟುಬಿಟ್ಟೆ. ಆ ಮಾತನ್ನು ಅವರು ಅಕ್ಷರಶಃ ಹಿಡಿದುಕೊಂಡಿದ್ದಾರಮ್ಮಾ! ನಮ್ಮ ಲ್ಯಾಬಿನಲ್ಲಿ ಈಗ ಆರೋಗ್ಯವಂತರ ರಕ್ತದಲ್ಲಿ ಪಿತ್ತಾಮ್ಲ ಎಷ್ಟಿರುತ್ತದೆ ಎಂದು ಅಳೆಯುತ್ತಿದ್ದೇವೆ. ಲಿವರ್ ಕೆಟ್ಟವರಲ್ಲಿ ಅದು ಹೆಚ್ಚಾಗಿದೆ ಎನ್ನಬೇಕಾದರೆ ನೆಟ್ಟಗಿರುವವರಲ್ಲಿ ಎಷ್ಟೆಂದು ಗೊತ್ತಿರಬೇಕಲ್ಲ. ಆದರೆ ಆರೋಗ್ಯವಂತರು ಸಿಗುವುದೇ ಕಷ್ಟ. ‘ಗುಂಡುಕಲ್ಲಿನ ಹಾಗಿದ್ದೀನಿ’ ಎಂದು ಬಂದವರೂ ಕುರ್ಚಿಯಲ್ಲಿ ಕೂತ ಕೂಡಲೇ ಸೊಂಟ, ಬೆನ್ನು, ನಿದ್ದೆ ಎಂದು ಶುರುಮಾಡುತ್ತಾರೆ. ಇದನ್ನು ಊಟಕ್ಕೆ ಕೂತಾಗ ಹೇಳಿದ್ದೇ ತಪ್ಪಾಯಿತು. ಮರುದಿನ ಲ್ಯಾಬಿನ ಬೀಗ ತೆಗೆಯುವ ಮೊದಲೇ ನಮ್ಮ ನಿವೃತ್ತ ಡ್ರಿಲ್ ಮೇಷ್ಟ್ರು ಬಿಳಿ ಬೂಟು ಹಾಕಿಕೊಂಡು, ಖಾಲಿ ಹೊಟ್ಟೆಯಲ್ಲಿ, ಬಾಗಿಲ ಮುಂದೆ ಸೆಟೆದು ನಿಂತಿದ್ದರು. ಪಿತ್ತ ಎಂದರೆ ಎಣ್ಣೆ ಬೆಣ್ಣೆ ಅರಗಿಸುವ ರಸ ಅಪ್ಪಾ, ಅದಕ್ಕೂ ಸಿಟ್ಟಿಗೂ ಸಂಬಂಧವಿಲ್ಲ ಎಂದು ಬಡಕೊಂಡೆ. ಕೇಳಬೇಕಲ್ಲ! ‘ನೀನು ಸುಮ್ನೆ ಅಳಿ. ಇಳಿದಿದ್ರೆ ಬರೆದುಕೊಡು, ನಿಮ್ಮಮ್ಮನಿಗೆ ಕಳಿಸೋಣ’ ಎಂದರು.

ಮೊದಲ ಟ್ಯೂಬು ರಕ್ತ ಹಸಿದ ಹೊಟ್ಟೆಯಲ್ಲಿ. ಆಮೇಲೆ ಎಲ್ಲರಿಗೂ ಒಂದೇ ತೂಕದ ತಿಂಡಿ: ಬ್ರೆಡ್ಡು, ಬೆಣ್ಣೆ, ಬೇಯಿಸಿದ ಮೊಟ್ಟೆ. ತಿಂದ ಮೇಲೆ ಪಿತ್ತಾಮ್ಲ ಯಾರಿಗಾದರೂ ಏರುತ್ತದೆ, ಎಷ್ಟು ಏರಿತೆಂದು ನೋಡಲು ಎರಡನೆಯ ಟ್ಯೂಬು. ಅಲ್ಲಿಯವರೆಗೆ ಅಪ್ಪ ಸಾಧುಪ್ರಾಣಿ. ಎರಡನೆಯ ಸಲ ಅವರು ಕುರ್ಚಿಯಲ್ಲಿ ಕೂತಿದ್ದಾಗ ರಕ್ತ ಕೊಡಲು ಬಂದಿದ್ದ ನಮ್ಮ ಬೀದಿಯ ಕ್ಷೌರಿಕ, ಅಂಗಡಿಗೆ ಹೊತ್ತಾಯಿತೆಂದು ಒಬ್ಬ ಅಜ್ಜಿಯನ್ನು ಹಿಂದೆ ಹಾಕಿ ಮುಂದೆ ನುಗ್ಗಿದ. ಸಾಲು ಮುರಿದ! ಇನ್ನು ಕೇಳಬೇಕೇ? ಸೂಜಿ ತೋಳಿನಲ್ಲಿರುವಾಗಲೇ ಅಪ್ಪನ ದನಿಗೆ ಕಪಾಟಿನ ಗಾಜು ನಡುಗಿತು. ನರ್ಸಮ್ಮ ಮಾತ್ರ ತಣ್ಣಗೆ ‘ಮೇಷ್ಟ್ರೇ, ಬೇಕಾದ್ರೆ ಬೈಯಿರಿ, ಕೈ ಅಲ್ಲಾಡಿಸ್ಬೇಡಿ’ ಎಂದಳು. ಬೈದು ಮುಗಿಸಿ, ಬೆವರು ಒರೆಸಿಕೊಂಡು, ಆ ಕೋಣೆಯಲ್ಲೇ ಅಮ್ಮಾ, ನಮ್ಮೆಲ್ಲರ ಮುಂದೆಯೇ, ‘ಬೇಜಾರು ಮಾಡ್ಕೋಬೇಡಪ್ಪಾ, ನಾನಲ್ಲ, ನನ್ನ ಪಿತ್ತ’ ಎಂದರು. ನಮ್ಮ ಡಾಕ್ಟರಮ್ಮ ಆಗಷ್ಟೇ ತುಂಬಿದ ಟ್ಯೂಬನ್ನು ಬೆಳಕಿಗೆ ಹಿಡಿದು, ‘ಹಾಗಾದ್ರೆ ಇದ್ರಲ್ಲೇ ಸಿಕ್ಕಿರ್ಬೇಕು, ನೋಡೇ ಬಿಡೋಣ’ ಎಂದರು.

ನಿನ್ನೆ ಸಂಜೆ ಫಲಿತಾಂಶ ಬಂತು. ಹಸಿದಾಗ ಎಲ್ಲರಷ್ಟೇ. ತಿಂದ ಮೇಲೂ ಎಲ್ಲರಷ್ಟೇ, ಹೆಚ್ಚುಕಡಿಮೆ ಆ ಕ್ಷೌರಿಕನಷ್ಟೇ. ಬ್ರೆಡ್ಡು ಬೆಣ್ಣೆಗೆ ಏರಬೇಕಾದಷ್ಟು ಏರಿದೆ. ಸಿಟ್ಟಿಗೆ ಅಂತ ಒಂದು ಚೂರೂ ಹೆಚ್ಚಿಲ್ಲ. ಇಷ್ಟು ವರ್ಷ ಪಾಪ ಆ ಪಿತ್ತದ ಮೇಲೆ ಗೂಬೆ ಕೂರಿಸಿದ್ದಾಯಿತು! ಒಬ್ಬಳೇ ಕೂತು ಬಿದ್ದು ಬಿದ್ದು ನಕ್ಕೆ. ಆಮೇಲೆ ಹೆದರಿಕೆಯಾಯಿತು. ಏರಿಯೇ ಇರದ ಪಿತ್ತ ಇಳಿಯುವುದೆಲ್ಲಿಂದ, ನೀನು ಬರುವುದು ಯಾವಾಗ? ನೀನಿಲ್ಲದ ಮನೆ ನನಗೂ ಬೇಜಾರಾಗಿದೆ ಅಮ್ಮಾ. ಅಪ್ಪ ಒಳಗೆ ಚಹಾ ಸೋಸುತ್ತಿದ್ದಾರೆ, ಅವರಿಗಿನ್ನೂ ಹೇಳಿಲ್ಲ. ಈಗ ಹೋಗಿ ಹೇಳುತ್ತೇನೆ, ಧೈರ್ಯ ಬರಲೆಂದು ಅಲ್ಲಿಂದಲೇ ಹರಸು.

ಮಂಡಿಗೆ ಶಾಖ ಕೊಡುವುದು ಬಿಡಬೇಡ. ಚಿಕ್ಕಮ್ಮನಿಗೆ ನಮಸ್ಕಾರ, ನಿನಗೆ ಗಟ್ಟಿಯಾಗಿ ಒಂದು ಅಪ್ಪುಗೆ.

ನಿನ್ನ
ಸೂಜಿಮಲ್ಲಿ

ತಾ.ಕ.: ಬಸ್ಸಿಗೆ ಹೊತ್ತಾಯಿತು, ಗೀಚುತ್ತಿದ್ದೇನೆ. ಹೇಳಿದೆ. ಅಪ್ಪ ಲೋಟ ಕೆಳಗಿಟ್ಟು ಗೇಟಿನ ಕಡೆ ನೋಡಿದರು. ‘ಹಾಗಾದ್ರೆ ಅವತ್ತು ನಿಮ್ಮಮ್ಮನಿಗೆ ಬೈದಿದ್ದು ನಾನೇನಾ?’ ಎಂದರು. ಹೂಂ ಎಂದೆ. ಎದ್ದು ಬೂಟು ಹಾಕಿಕೊಂಡರು. ನೀನು ಹೇಳಿ ಕಳಿಸಿ ಎಂದಿದ್ದೆ. ಹೇಳಿ ಕಳಿಸುತ್ತಿಲ್ಲ, ಅವರೇ ಬರುತ್ತಿದ್ದಾರೆ. ಈ ಪತ್ರವನ್ನು ಬಾಗಿಲ ಸಂದಿಯಿಂದ ಒಳಗೆ ತೂರಿಸಬೇಕು, ನೀನು ಓದಿ ಮುಗಿಸುವವರೆಗೆ ಬಾಗಿಲು ಬಡಿಯಬಾರದು ಎಂದು ತಾಕೀತು ಮಾಡಿದ್ದೇನೆ. ಅಂದರೆ ಈಗ ಹೊರಗೆ ನಿಂತಿದ್ದಾರೆ. ಹೋಗಿ ಬಾಗಿಲು ತೆಗೆ. ‘ನಾನಲ್ಲ’ ಎಂದು ಶುರುಮಾಡಿದರೆ ಮತ್ತೆ ಹಾಕಿಕೊಂಡುಬಿಡು. ‘ನಾನೇ’ ಎಂದರೆ ಒಳಗೆ ಕರೆ.